ಒಲೆ ಅಂಗಡಿಯಲ್ಲಿ ಕೇಳಿಸಿದ ರೊಟ್ಟಿ ಸಪ್ಪಳ

ನಮ್ಮ ಅಂಗಡಿಗೆ ಒಲೆ ಕೊಳ್ಳಲು ಬರುವವರು ಚೀಲದಲ್ಲಿ ಮನೆಯ ರೊಟ್ಟಿ ಹಂಚು ಹಾಕಿಕೊಂಡು ಬರುತ್ತಾರೆ. ಬೇರೆ ಊರಿನವರಿಗೆ ಇದು ವಿಚಿತ್ರ ಅನಿಸಬಹುದು. ಶಹಾಪುರದಲ್ಲಿ ಹಂಚಿಲ್ಲದೆ ಬಂದವರನ್ನು ಕಂಡರೇ ನನಗೆ ಅನುಮಾನ. ಅವರು ಕೊಳ್ಳಲು ಬಂದವರಲ್ಲ, ನಮ್ಮ ಫ್ಯಾನಿನ ಕೆಳಗೆ ನಿಲ್ಲಲು ಬಂದವರು. ಖರೇ ಗಿರಾಕಿ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೀದಾ ಒಲೆಗಳ ಸಾಲಿಗೆ ಹೋಗಿ, ಮಸಿ ಹಿಡಿದ ಕಬ್ಬಿಣದ ಹಂಚನ್ನು ಹೊರಗೆ ತೆಗೆದು, ಹೊಸ ಗಾಜಿನ ಗ್ಯಾಸ್ ಒಲೆಯ ಮೇಲೆ ಕೂರಿಸಿ ಅಲ್ಲಾಡಿಸಿ ನೋಡುತ್ತಾಳೆ. ಹಂಚು ಅಲ್ಲಾಡದಿದ್ದರೆ ಮಾತು ಮುಂದುವರಿಯುತ್ತದೆ. ಅಲ್ಲಾಡಿದರೆ ಆ ಒಲೆ ಎಷ್ಟು ಹೊಳೆದರೂ ಅದರ ಮುಖ ಯಾರೂ ನೋಡುವುದಿಲ್ಲ.

ನಾನು ಈ ಅಂಗಡಿ ಸೇರಿ ಒಂಬತ್ತು ವರ್ಷವಾಯಿತು. ನನಗಿಂತ ಮೊದಲು ಅಲ್ಲಿ ಇಬ್ಬರು ಗಂಡಸರಿದ್ದರು. ಯಾವ ಮಿಕ್ಸರು ಎಷ್ಟು ವ್ಯಾಟು, ಯಾವ ಕುಕ್ಕರು ಎಷ್ಟು ಲೀಟರು ಎಂದು ಬಾಯಿಪಾಠ ಒಪ್ಪಿಸುತ್ತಿದ್ದರು. ಆದರೆ ಯಾರಾದರೂ ಹೆಂಗಸು, "ಇದರಾಗ ಪುಂಡಿಪಲ್ಯ ಎಷ್ಟೊತ್ತಿಗೆ ಬೇಯ್ತದ್ರಿ?" ಎಂದರೆ ಪೆಟ್ಟಿಗೆ ತಿರುಗಿಸಿ ಅದರ ಮೇಲೆ ಬರೆದಿದೆಯೇ ಎಂದು ಹುಡುಕುತ್ತಿದ್ದರು. ಮಾಲಕರಿಗೆ ಯಾದಗಿರಿಯಲ್ಲಿ ದೊಡ್ಡ ಅಂಗಡಿ, ಇದು ಅದರ ಮರಿ. ಅವರಿಗೆ ತಡೆದು ತಡೆದು ಸಾಕಾಗಿ, ಅಡುಗೆ ಗೊತ್ತಿರುವ ಒಬ್ಬಾಕೆ ಇರಲಿ ಎಂದು ನನ್ನನ್ನು ಇಟ್ಟುಕೊಂಡರು. ಅಡುಗೆ ಗೊತ್ತೇ ಎಂದು ಅವರು ಕೇಳಲಿಲ್ಲ. ಹೆಂಗಸಿಗೆ ಅದನ್ನು ಯಾರು ಕೇಳುತ್ತಾರೆ.

ನನಗೊಂದು ರೋಗವಿದೆ, ನಗು. ಬರಬಾರದ ಹೊತ್ತಿನಲ್ಲೇ ಬರುತ್ತದೆ. ಈ ಕೆಲಸದಲ್ಲಿ ಆ ರೋಗ ವಾಸಿಯಾಗುವ ಲಕ್ಷಣವೇ ಇಲ್ಲ. ಒಂದು ಸಲ ಸುರಪುರದಿಂದ ಅತ್ತೆ ಸೊಸೆ ಮಿಕ್ಸರು ನೋಡಲು ಬಂದರು. ಸಪ್ಪಳ ಕಡಿಮೆ ಇರುವುದು ಬೇಕು ಎಂದು ಸೊಸೆಯ ಆಸೆ. ಇದ್ದುದರಲ್ಲಿ ಮೆತ್ತಗಿನದನ್ನು ತೆಗೆದು, ಶೇಂಗಾ ಹಾಕಿ ತಿರುಗಿಸಿ ತೋರಿಸಿದೆ. ಅತ್ತೆ ಕಿವಿ ಹತ್ತಿರ ತಂದರು.

"ಇದು ನಡ್ಯಾಕತ್ತೇದೇನು?"

"ನಡ್ಯಾಕತ್ತೇದ್ರಿ."

"ಮತ್ತ ಸಪ್ಪಳ ಎಲ್ಲಿ?"

"ಸಪ್ಪಳ ಇಲ್ಲದ್ದೇ ಇದರ ಗುಣ್ರಿ ಅವ್ವಾರ."

ಅವರು ನನ್ನನ್ನು ಮರುಕದಿಂದ ನೋಡಿದರು. "ಸಪ್ಪಳ ಇಲ್ಲಂದ್ರ ನಾವು ಮಿಕ್ಸರ್ ತಂದೇವಂತ ಓಣಿ ಮಂದಿಗೆ ಹ್ಯಾಂಗ ತಿಳೀಬೇಕು?"

ಸೊಸೆ ನನ್ನ ತೋಳು ಚಿವುಟಿದಳು. ನಾನು ಸ್ಕ್ರೂ ಬಿದ್ದಿದೆ ಎಂದು ಹೇಳಿ ಕೌಂಟರಿನ ಕೆಳಗೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕು ಎದ್ದೆ. ಅವರು ಅಂಗಡಿಯಲ್ಲೇ ಜೋರು ಒದರುವ ಮಿಕ್ಸರನ್ನು ಒಯ್ದರು.

ಇನ್ನೊಂದು ದಿನ ಕೊಡೇಕಲ್ಲಿನ ಅಜ್ಜ ಒಬ್ಬರು ಮೈಕ್ರೋವೇವ್ ಮುಂದೆ ನಿಂತುಬಿಟ್ಟರು. ಒಳಗೆ ನೀರಿನ ಬಟ್ಟಲು ಗಿರಗಿರ ತಿರುಗುತ್ತಿತ್ತು. ಅಜ್ಜ ಕಣ್ಣು ಮಿಟುಕಿಸದೆ ನೋಡಿ, "ಇದರಾಗ ಹಿಂಡಿಪಲ್ಯ ಆಗ್ತದೇನ್ ತಂಗಿ?" ಎಂದರು. ಅಷ್ಟು ಚೊಲೊ ಆಗುವುದಿಲ್ಲ ಎಂದೆ. "ರೊಟ್ಟಿ?" ಅದೂ ಆಗುವುದಿಲ್ಲ ಎಂದೆ. "ಹಂಗಾರ ಇದು ಮಾಡೋದೇನು?" ತಣ್ಣಗಾದ ಅಡುಗೆಯನ್ನು ಬಿಸಿ ಮಾಡುತ್ತದೆ ಎಂದೆ. ಅಜ್ಜ ರುಮಾಲು ಸರಿಮಾಡಿಕೊಂಡು, "ಮೊದಲ ತಣ್ಣಗ ಯಾಕ ಆಗಬೇಕು?" ಎಂದು ಕೇಳಿ ಹೊರಟುಹೋದರು.

ನಾನು ಮಾರುವ ರೀತಿ ಮಾಲಕರಿಗೆ ಹಿಡಿಸುತ್ತಿರಲಿಲ್ಲ. ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ, ಕರೆಂಟು ಯಾವಾಗ ಹೋಗುತ್ತದೆ, ಅಡುಗೆ ಕಟ್ಟೆ ಸೊಂಟಕ್ಕೆ ಬರುತ್ತದೋ ಎದೆಗೆ ಬರುತ್ತದೋ ಎಂದೆಲ್ಲ ಕೇಳಿ, ಬೇಡದ ಸಾಮಾನಿಗೆ ಬೇಡ ಎಂದೇ ಹೇಳುತ್ತಿದ್ದೆ. ಬೋನಾಳದಿಂದ ಹೊಸ ಕುಕ್ಕರಿಗೆಂದು ಬಂದ ಗಂಡ ಹೆಂಡತಿಗೆ, ಹಳೆಯದಕ್ಕೆ ರಬ್ಬರು ಬಳೆ ಹಾಕಿದರೆ ಸಾಕು ಎಂದು ಬರೀ ಬಳೆ ಕೊಟ್ಟು ಕಳಿಸಿದೆ. "ನೀ ನಮ್ಮ ದುಕಾನ ಮುಚ್ಚಸ್ತಿ ನೋಡು" ಎಂದರು ಮಾಲಕರು. ಆದರೆ ಆ ದಂಪತಿ ತಿಂಗಳೊಪ್ಪತ್ತಿನಲ್ಲಿ ಎರಡು ಜೀಪು ತುಂಬ ಬೀಗರನ್ನು ಕರೆತಂದು, ತಂಗಿಯ ಮದುವೆಯ ಸಾಮಾನೆಲ್ಲ ನಮ್ಮಲ್ಲೇ ಕೊಂಡರು. ಆಮೇಲೆ ಮಾಲಕರು ಬಾಯಿ ಮುಚ್ಚಿಕೊಂಡರು. ಸುರಪುರದಿಂದ ಯಾದಗಿರಿಯವರೆಗಿನ ಹೆಂಗಸರು ಬಂದು ಅಕ್ಕೋರು ಎಲ್ಲಿ ಎಂದು ನನ್ನನ್ನೇ ಹುಡುಕತೊಡಗಿದರು.

ಅವರಲ್ಲಿ ಹತ್ತರಲ್ಲಿ ಒಬ್ಬರಾದರೂ ಕೇಳುತ್ತಿದ್ದ ಒಂದು ಪ್ರಶ್ನೆಗೆ ಮಾತ್ರ ನಾನು ಹೆದರುತ್ತಿದ್ದೆ. "ಅಕ್ಕೋರ, ನಿಮ್ಮ ಮನ್ಯಾಗ ರೊಟ್ಟಿ ಯಾವ ಒಲಿ ಮ್ಯಾಲ ಮಾಡ್ತೀರಿ?"

"ಮೂರು ಬರ್ನರಿಂದರ ಮ್ಯಾಲ್ರಿ, ಎಡಗಡಿದು" ಎಂದು ಥಟ್ಟನೆ ಹೇಳುತ್ತಿದ್ದೆ. ಒಲೆಯ ಮಾತು ಖರೆ. ಮಾಡುವವರ ಮಾತು ಖರೆಯಲ್ಲ.

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಜೋಳದ ರೊಟ್ಟಿ ಬಾರದ ಹೆಂಗಸು ಈ ಸೀಮೆಯಲ್ಲಿ ಇದ್ದಾಳೆಂದರೆ ಮಂದಿ ನಂಬುವುದಿಲ್ಲ, ನಂಬಿದರೆ ಬಿಡುವುದಿಲ್ಲ. ನಾನು ಬೆಳೆದದ್ದು ಗುರುಮಠಕಲ್ ಕಡೆ. ಅಪ್ಪ ಹಾಸ್ಟೆಲ್ಲಿನಲ್ಲಿ ಗುಮಾಸ್ತರು, ನಾವು ಮೂರು ಹೊತ್ತೂ ಅಲ್ಲಿಯ ಅನ್ನ ಸಾರು ಉಂಡು ದೊಡ್ಡವರಾದೆವು. ಪುಂಡಿಪಲ್ಯ, ಝುಣಕ, ಎಣ್ಣೆಗಾಯಿ ಎಲ್ಲ ಆಮೇಲೆ ಕಲಿತೆ. ರೊಟ್ಟಿ ಮಾತ್ರ ಕೈಗೆ ಹತ್ತಲಿಲ್ಲ.

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ನನ್ನ ಗಂಡ. ಅವರು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರು. ಆರಡಿ ಆಳು, ಹುರಿ ಮೀಸೆ, ಕೊರಳಲ್ಲಿ ಸೀಟಿ. ಅವರು ಸೀಟಿ ಊದಿದರೆ ಪಕ್ಕದ ಶಾಲೆಯ ಹುಡುಗರೂ ಸಾಲಾಗಿ ನಿಲ್ಲುತ್ತಾರೆ. ಊರು ಕೃಷ್ಣೆಯ ದಂಡೆಯ ತಿಂಥಣಿ. ಅವರ ಅಪ್ಪ ಅವ್ವ ನಸುಕಿಗೇ ಬಲೆ ತೆಗೆಯಲು ಹೊಳೆಗೆ ಹೋಗಿ, ಅಲ್ಲಿಂದ ಹಾಗೇ ಮೀನು ಮಾರಲು ಹೋಗುತ್ತಿದ್ದರಂತೆ. ನಾಲ್ಕು ಮಕ್ಕಳಲ್ಲಿ ಹಿರಿಯರು ಇವರು. ಒಂಬತ್ತನೆಯ ವಯಸ್ಸಿಗೇ ತಮ್ಮ ತಂಗಿಯರಿಗೆ ರೊಟ್ಟಿ ಬಡಿದು ಹಾಕಿದವರು. ಓರಗೆಯ ಹುಡುಗರು ಅವರಿಗೆ 'ರೊಟ್ಟವ್ವ' ಎಂದು ಹೆಸರಿಟ್ಟರು. ಹೊಳೆಗೆ ಹೋದರೂ ರೊಟ್ಟವ್ವ, ಗುಡಿಗೆ ಹೋದರೂ ರೊಟ್ಟವ್ವ. ಅವರ ಜೊತೆ ಆಡುವುದನ್ನೇ ಬಿಟ್ಟು, ಉಸುಕಿನ ಮೇಲೆ ಒಬ್ಬರೇ ಓಡುತ್ತಿದ್ದರಂತೆ. ಓಡಿ ಓಡಿಯೇ ಪಿ.ಟಿ. ಮಾಸ್ತರರಾದರು. ಮೂವತ್ತನೆಯ ವಯಸ್ಸಿನಲ್ಲಿ ನನಗೆ ಇದನ್ನು ಹೇಳುವಾಗಲೂ ಅವರ ಕಿವಿ ಕೆಂಪಾಗಿದ್ದವು.

ಮದುವೆಯಾದ ಮೂರು ದಿನ ನಾನೇ ರೊಟ್ಟಿ ಮಾಡಿದೆ. ಪ್ರತಿಯೊಂದೂ ಹಂಚಿಗೆ ಹೋಗುವ ಮೊದಲೇ ಮೂರು ತುಂಡು. ಅವರು ತುಂಡುಗಳನ್ನು ತಾಟಿನಲ್ಲಿ ಅಂಚಿಗೆ ಅಂಚು ಜೋಡಿಸಿ ಉಂಡು ಎದ್ದರು. ನಾಲ್ಕನೆಯ ಮುಂಜಾನೆ ಎದ್ದು ಬಂದು, ಅಡುಗೆಮನೆ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ, ತೋಳು ಮಡಚಿ, "ಜರಾ ಆ ಕಡೆ ಸರಿ" ಎಂದರು. ಟಪ ಟಪ ಟಪ್. ಎರಡು ಏಟು ಬೆರಳಿನಿಂದ, ಮೂರನೆಯದು ಅಂಗೈ ಬುಡದಿಂದ, ಅಷ್ಟರಲ್ಲಿ ರೊಟ್ಟಿ ಒಂದು ಸುತ್ತು ತಿರುಗಿರುತ್ತಿತ್ತು. ನಾನು ಬಾಯಿ ತೆರೆದು ನಿಂತೆ. ನನಗೆ ಗಂಡನ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು.

"ಯಾರಿಗೂ ಹೇಳಬ್ಯಾಡ" ಎಂದರು. "ಹುಡುಗರಿಗೆ ತಿಳೀತಂದ್ರ ನಾ ಗ್ರೌಂಡಿಗೆ ಕಾಲಿಡೋಹಂಗಿಲ್ಲ."

ಯಾವುದರ ಮೇಲೆ ಆಣೆ ಮಾಡಲಿ ಎಂದು ಕೇಳಿದೆ. ಕೈಗೆ ಹಿಟ್ಟು ಮೆತ್ತಿತ್ತು, ಅವರು ಕೊರಳು ಚಾಚಿದರು. ನಾನು ಸೀಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅವರು ಗಂಭೀರವಾಗಿದ್ದರು, ನಾನು ನಗು ತಡೆಯಲಾರದೆ ಅಕ್ಕಿ ಡಬ್ಬಿಯ ಮೇಲೆ ಕೂತೆ. ಆದರೆ ಆಣೆ ಆಣೆಯೇ.

ಕಿಟಕಿ ಮುಚ್ಚಿದರೆ ಕಣ್ಣಿಗೆ ಮರೆ, ಕಿವಿಗೆ ಎಲ್ಲಿಯ ಮರೆ. ಗೋಡೆಯ ಆಚೆ ಒಬ್ಬ ಮುದುಕಿ ಇದ್ದಳು, ಓಣಿಗೆಲ್ಲ ಆಯಿ. ಕಣ್ಣು ಮಂದವಾದ ಮೇಲೆ ಅವಳ ಕಿವಿ ಇನ್ನಷ್ಟು ಚುರುಕಾಗಿತ್ತು. ನಮ್ಮ ಕಡೆ ರೊಟ್ಟಿ ಬಡಿಯುವ ಸಪ್ಪಳದ ಮೇಲೆಯೇ ಮನೆ ಗುರುತು ಹಿಡಿಯುವವರಿದ್ದಾರೆ. ಆಯಿ ಅವರಿಗೆಲ್ಲ ಗುರು. ಯಾರ ಮನೆಯಲ್ಲಿ ಸಿಟ್ಟಾಗಿದೆ, ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರ ಸೊಸೆ ಬಸುರಿ ಎಂಬುದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದಳು. ನಾನು ಹೊರಗೆ ಬಂದರೆ ಸಾಕು, ಗೋಡೆಯ ಮೇಲಿಂದ ಕರೆಯುತ್ತಿದ್ದಳು.

"ಬಂಗಾರದಂಥಾ ಕೈ ಬೇ ನಿಂದು. ನಮ್ಮವ್ವ ಹಿಂಗೇ ಬಡೀತಿದ್ಲು. ನಿನ್ನ ಸಪ್ಪಳ ಕೇಳಿದ್ರ ನನಗ ಸಣ್ಣಾಕಿ ಆದಂಗ ಆಗ್ತದ."

ನಾನು ಒಳಗೆ ಹೋಗಿ, ಆಯಿ ಹೊಗಳಿದಳು ಎನ್ನುತ್ತಿದ್ದೆ. ಅವರು ಮೀಸೆಗೆ ಹಿಟ್ಟು ಹತ್ತಿಸಿಕೊಂಡು, "ಯಾರನ್ನ?" ಎನ್ನುತ್ತಿದ್ದರು. "ನನ್ನ" ಎನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಒಮ್ಮೆ ಮಾತ್ರ ಅವರು ನಗಲಿಲ್ಲ. ಮುಂದಿನ ಉಂಡೆ ಕೈಗೆ ತೆಗೆದುಕೊಂಡು, "ಮತ್ತೇನಂದ್ಲು ಆಯಿ?" ಎಂದು ಕೇಳಿದರು. ಆಯಿ ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ.

ಹೀಗೇ ಬೇಫಿಕರ್ ನಡೆದಿತ್ತು, ಹೋದ ವರ್ಷ ಮಾಲಕರು ಇಂಡಕ್ಷನ್ ಒಲೆಗಳ ದೊಡ್ಡ ಲಾಟು ತರುವವರೆಗೆ. ಕರೆಂಟಿನ ಒಲೆ, ಬೆಂಕಿ ಇಲ್ಲ, ಕಪ್ಪು ಗಾಜಿನ ಮೇಲೆ ಪಾತ್ರೆ ಇಟ್ಟರೆ ಆಯಿತು. ಆದರೆ ಆ ಪಾತ್ರೆಯ ತಳ ಸಪಾಟಾಗಿರಬೇಕು. ನಮ್ಮ ಹೆಂಗಸರ ಹಂಚಿಗೆ ಹೊಟ್ಟೆ. ಬಂದವರು ಚೀಲದಿಂದ ಹಂಚು ತೆಗೆದು ಇಟ್ಟರೆ, ಒಲೆ ಕುಂಯ್ ಕುಂಯ್ ಎಂದು ಒದರಿ ಆರಿಹೋಗುತ್ತಿತ್ತು. "ಏ ಇದು ನಮ್ಮ ಹಂಚಿಗೆ ಬೈತದ್ರಿ" ಎಂದು ಒಬ್ಬಾಕೆ ಸಿಟ್ಟಿನಿಂದಲೇ ಹೋದಳು. ಎರಡು ತಿಂಗಳಾದರೂ ಒಂದು ಒಲೆ ಅಲುಗಲಿಲ್ಲ.

ಮಾಲಕರು ತಲೆ ಓಡಿಸಿದರು. ಸಪಾಟು ಹಂಚುಗಳನ್ನು ತರಿಸಿ, ಒಲೆಯ ಜೊತೆ ಪುಕ್ಕಟೆ ಎಂದು ಬೋರ್ಡು ಹಾಕಿದರು. ಅಷ್ಟಕ್ಕೆ ಬಿಡಬಾರದಿತ್ತೇ? ಆಟೋಕ್ಕೆ ಮೈಕು ಕಟ್ಟಿಸಿ ಊರ ತುಂಬ ಓಡಾಡಿಸಿದರು. ನಾನು ಮನೆಯ ಮುಂದೆ ನೀರು ಹಿಡಿಯುತ್ತಿದ್ದೆ. ಆಟೋ ನಮ್ಮ ಓಣಿಗೇ ಬಂದು ಹೇಳಿತು: "ಬರುವ ರವಿವಾರ ಮುಂಜಾನೆ ಕರೆಂಟ್ ಒಲಿ ಮ್ಯಾಲ ಬಿಸಿ ಬಿಸಿ ಜ್ವಾಳದ ರೊಟ್ಟಿ. ನಿಮ್ಮ ಮೆಚ್ಚಿನ ಅಕ್ಕೋರು ಸ್ವತಃ ಬಡಿದು ತೋರಸ್ತಾರ. ಬರ್ರಿ, ನೋಡ್ರಿ, ತಿನ್ರಿ." ಕೊಡ ತುಂಬಿ ಹರಿದು ನನ್ನ ಕಾಲು ತೊಯ್ದದ್ದೂ ಗೊತ್ತಾಗಲಿಲ್ಲ. ಗೋಡೆಯ ಆಚೆಯಿಂದ ಆಯಿ, "ನಾ ಬರಾಕೇ ನೋಡು, ಇಷ್ಟು ವರ್ಷ ಕೇಳೇನಿ, ಒಮ್ಮೆ ಕಣ್ಣಿಲೆ ನೋಡ್ತೀನಿ" ಎಂದಳು.

ಜ್ವರದ ನೆಪ ಹೇಳುತ್ತೇನೆ ಎಂದೆ ಗಂಡನಿಗೆ. ಅವರು ಒಪ್ಪಲಿಲ್ಲ. ಇನ್ನೂ ಏಳು ದಿನ ಇವೆ, ಕಲಿ ಎಂದರು. ಆ ಏಳು ದಿನ ನೆನೆದರೆ ಈಗಲೂ ನನಗೆ ನಗು ತಡೆಯಲಾಗುವುದಿಲ್ಲ. ಚಿಲಕ ಹಾಕಿದ ಅಡುಗೆಮನೆಯಲ್ಲಿ ಅವರು ಕೈ ಹಿಂದೆ ಕಟ್ಟಿ ನಿಂತು, "ಒಂದ್, ಎರಡ್, ತಿರುಗ್" ಎಂದು ಕವಾಯತು ಮಾಡಿಸಿದರು. ಭುಜ ಸಡಿಲ, ಮಣಿಕಟ್ಟು ಸಡಿಲ, ನೋಟ ರೊಟ್ಟಿಯ ಮೇಲೆ. ನಗು ಬಂದು ಕೈ ನಿಂತಾಗೊಮ್ಮೆ ರೊಟ್ಟಿ ಹರಿಯುತ್ತಿತ್ತು. ಮೂರನೆಯ ದಿನ ಅವರು ಮರೆತು ಸೀಟಿ ಬಾಯಿಗೆ ಹಚ್ಚಿ ಊದಿಬಿಟ್ಟರು. ಓಣಿಯ ಹುಡುಗರೆಲ್ಲ ಓಡಿಬಂದು ನಮ್ಮ ಮನೆಯ ಮುಂದೆ ಸಾಲಾಗಿ ನಿಂತರು. ನನ್ನ ಗಂಡ ಅವರಿಗೆ ಅಲ್ಲೇ ಕವಾಯತು ಮಾಡಿಸಿ ಕಳಿಸಬೇಕಾಯಿತು, ಹಿಟ್ಟಿನ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು.

ಆಯಿಗೆ ಚಿಂತೆ ಹತ್ತಿತು. "ಕೈಗೇನಾಗೇದ ಬೇ? ನಾಕು ದಿನದಿಂದ ಸಪ್ಪಳ ಕುಂಟಾಕತ್ತೇದ."

ಮಣಿಕಟ್ಟು ಉಳುಕಿದೆ ಎಂದೆ. ಅವಳು ಎಣ್ಣೆ ಬಿಸಿ ಮಾಡಿ ತಂದು, ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ಅವತ್ತು ನನಗೆ ನಗು ಬರಲಿಲ್ಲ. ಇಷ್ಟು ಒಳ್ಳೆಯ ಮುದುಕಿಗೆ ಸುಳ್ಳು ಹೇಳುತ್ತಿದ್ದೇನೆ ಎಂದು ನಾಚಿಕೆಯಾಯಿತು.

ರವಿವಾರ ಅಂಗಡಿಯ ಮುಂದೆ ಶಾಮಿಯಾನ, ಟೇಬಲ್ಲು, ಅದರ ಮೇಲೆ ಕಪ್ಪು ಗಾಜಿನ ಒಲೆ. ಸಂತೆಗೆ ಬಂದವರೂ ಸೇರಿ ಮಂದಿ ಕಿಕ್ಕಿರಿದಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಆಯಿ, ಅವಳ ಬಗಲಿಗೆ ಸಪ್ಪಳದ ಮಿಕ್ಸರನ್ನೂ ಆಮೇಲೊಂದು ಒಲೆಯನ್ನೂ ಒಯ್ದ ಸುರಪುರದ ಅತ್ತೆ. ಹಿಂದೆ ನನ್ನ ಗಂಡನ ಶಾಲೆಯ ಹುಡುಗರ ಒಂದು ದಂಡು. ಬರುವುದಿಲ್ಲ ಎಂದಿದ್ದ ಗಂಡ ರಸ್ತೆಯ ಆಚೆ ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತಿದ್ದರು. ಆ ಬಿಸಿಲಿನಲ್ಲಿ ತಲೆಗೆ ಹೆಲ್ಮೆಟ್ಟು, ಗಾಜು ಕೆಳಗೆ. ಶಹಾಪುರದಲ್ಲಿ ನಿಂತುಕೊಂಡು ಹೆಲ್ಮೆಟ್ಟು ಹಾಕಿದ ಮೊದಲ ಮನುಷ್ಯ ಅವರೇ ಇರಬೇಕು. ನೋಡಿದ್ದೇ ತಡ, ನನ್ನ ರೋಗ ಕೆರಳಿತು.

ಮೊದಲ ರೊಟ್ಟಿ ಎರಡು ತುಂಡಾಯಿತು. ಇದು ಹಂಚು ಕಾದಿದೆಯೋ ನೋಡಲು ಎಂದು ಮಾಲಕರು ಮೈಕಿನಲ್ಲಿ ಹೇಳಿದರು. ಎರಡನೆಯದು ಮಣೆಗೇ ಅಂಟಿತು. ಮೂರನೆಯದು ನಾಲ್ಕು ತುಂಡಾಯಿತು. ಮಂದಿಯಲ್ಲಿ ಗುಸುಗುಸು ಎದ್ದಿತು. ಒಲೆಯದೇ ತಪ್ಪು ಎಂದರು ಕೆಲವರು, ಹಿಟ್ಟಿಗೆ ಜಿಗಿ ಇಲ್ಲ ಎಂದರು ಕೆಲವರು. ಹಾಗೆ ಬಿಟ್ಟಿದ್ದರೆ ನಾನು ಉಳಿದುಬಿಡುತ್ತಿದ್ದೆ. ಆದರೆ ಆಯಿ ಕೋಲು ಊರಿ ಎದ್ದು ನಿಂತಳು.

"ತಡೀರಿ. ಇದು ಇಕಿ ಮನಿ ಸಪ್ಪಳ ಅಲ್ಲ."

ಆಯಿ ನನ್ನ ಕಡೆ ತಿರುಗಿದಳು. "ಎಂಟು ವರ್ಷ ಕೇಳೇನಿ ನಾನು. ಈ ಕೈ ಬ್ಯಾರೆ, ಆ ಕೈ ಬ್ಯಾರೆ. ನಿಮ್ಮ ಮನ್ಯಾಗ ಬಡಿಯೋರು ಯಾರು?"

"ಕೆಲಸದಾಕಿ, ಆಯಿ."

"ನಿಮ್ಮ ಮನಿಗೆ ಯಾವ ಕೆಲಸದಾಕಿ ಬರ್ತಾಳ? ನಿಮ್ಮ ಬಾಗಿಲ ಸಪ್ಪಳ ನನಗ ಗೊತ್ತಿಲ್ಲೇನು?"

ನೋಡಬಾರದು ಅಂದುಕೊಂಡೇ ಹೆಲ್ಮೆಟ್ಟಿನ ಕಡೆ ನೋಡಿದೆ. ಅದು ಅಲುಗಲಿಲ್ಲ. ಹಿಂದೆ ನಿಂತ ಹುಡುಗರು ಹಲ್ಲು ಕಿರಿಯುತ್ತಿದ್ದರು. ಇನ್ನೊಂದು ಮಾತು ಆಡಿದರೆ ತಿಂಥಣಿಯ ಆ ಹೆಸರು ಇಲ್ಲಿಗೂ ಬರುತ್ತಿತ್ತು. ನಾನು ಕೈ ಒರೆಸಿಕೊಂಡೆ.

"ಯಾರಂತ ಹೇಳಂಗಿಲ್ಲ ಆಯಿ. ಆಣಿ ಮಾಡೇನಿ. ನನಗ ರೊಟ್ಟಿ ಬಡಿಯಾಕ ಬರಂಗಿಲ್ಲ, ಅದಷ್ಟು ಖರೆ. ಒಲಿದು ತಪ್ಪಿಲ್ಲ, ಹಿಟ್ಟಿಂದೂ ತಪ್ಪಿಲ್ಲ."

ಮಾಲಕರ ಕೈಯಿಂದ ಮೈಕು ಜಾರಿತು. ಸುರಪುರದ ಅತ್ತೆ ಎದ್ದರು. "ನಿಮಗೇ ಬರಂಗಿಲ್ಲಂದ್ರ ನಮಗ ಹ್ಯಾಂಗ ಹೇಳಿದ್ರಿ, ಈ ಒಲಿ ಚೊಲೊ, ಆ ಒಲಿ ಚೊಲೊ ಅಂತ?"

"ಕೇಳಿ ಕೇಳಿ ಹೇಳಿದ್ನಿ ಅವ್ವಾರ. ನೀವು ಒಯ್ದ ಒಲಿ ಚೊಲೊ ಬರಲಿಲ್ಲೇನು?"

"ಒಲಿ ಚೊಲೊನೇ ಬಂದದ. ಸಿಟ್ಟು ಅದಕ್ಕಲ್ಲ."

ಮಂದಿ ನಕ್ಕಿತು. ಆ ನಗುವಿನಲ್ಲಿ ನಾನು ಸೇರಿರಲಿಲ್ಲ. ರೊಟ್ಟಿ ಬಾರದಾಕೆ ಒಲೆ ಮಾರುತ್ತಾಳಂತೆ ಎಂದು ಯಾರೋ ಹಿಂದಿನವರಿಗೆ ದಾಟಿಸಿದರು, ಅದು ಸಂತೆಯ ತುದಿಯವರೆಗೆ ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು. ಎಂಟು ವರ್ಷ ಈ ಹೆಂಗಸರ ಹಂಚುಗಳನ್ನು ನಾನೇ ಎತ್ತಿ ಇಳಿಸಿದ್ದೆ, ಅವರ ಮುನಿಸು ನನ್ನ ಮೇಲೆ ಬಂದದ್ದು ನೋವಾಯಿತು.

ಆಗ ಹೆಲ್ಮೆಟ್ಟು ರಸ್ತೆ ದಾಟಿತು. ಮಂದಿಯನ್ನು ಸರಿಸಿಕೊಂಡು ನೇರ ಟೇಬಲ್ಲಿಗೆ ಬಂದು, ನಮ್ಮೆಲ್ಲರ ಮುಂದೆ ಅದನ್ನು ತೆಗೆದರು. ಬೆವರಿಗೆ ಮೀಸೆ ಜೋತುಬಿದ್ದಿತ್ತು. ಹುಡುಗರ ಹಲ್ಲು ಒಳಗೆ ಹೋದವು. ಹೆಲ್ಮೆಟ್ಟನ್ನು ಮಾಲಕರ ಕೈಗೆ ಕೊಟ್ಟು, ಕೊಡದ ನೀರಲ್ಲಿ ಕೈ ತೊಳೆದು, ಹಿಟ್ಟು ಮುಟ್ಟಿ ನೋಡಿ, "ಬಿಸಿನೀರು ಇನ್ನಷ್ಟು ಬೇಕು" ಎಂದರು. ನಾದಿದರು, ಉಂಡೆ ಮಾಡಿದರು, ಮಣೆಯ ಮೇಲೆ ಇಟ್ಟರು.

ಟಪ ಟಪ ಟಪ್. ಟಪ ಟಪ ಟಪ್.

ಆಯಿ ಕಣ್ಣು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತಳು. "ಹಾಂ" ಎಂದಳು ಮೆತ್ತಗೆ, "ಇದೇ ನೋಡ್ರಿ."

ರೊಟ್ಟಿ ಮಣೆಯ ಮೇಲೆ ತಾನೇ ತಿರುಗುತ್ತ ಅಗಲವಾಯಿತು. ಅಂಗೈ ಮೇಲೆ ಎತ್ತಿ ಸಪಾಟು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಬಟ್ಟೆಯಿಂದ ಅಂಚನ್ನು ಒತ್ತಿದರು. ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ ತುಂಬು ಉಬ್ಬಿತು. ಮೊದಲ ರೊಟ್ಟಿಯನ್ನು ಅವರು ಆಯಿಗೆ ಕೊಟ್ಟರು. ಎರಡನೆಯದನ್ನು ಕೇಳಿ ಪಡೆದವರು ಸುರಪುರದ ಅತ್ತೆ. ಮುರಿದು ಬಾಯಿಗಿಟ್ಟು ಅಗಿದು, ನನ್ನನ್ನೂ ಅವರನ್ನೂ ನೋಡಿ, "ಇಂಥಾ ಗಂಡ ಇದ್ರ ನಾನೂ ಕಲೀತಿದ್ದಿಲ್ಲ ಬಿಡ್ರಿ" ಎಂದರು. ಆಮೇಲೆ ಎದ್ದ ನಗುವಿನಲ್ಲಿ ನಾನೂ ಇದ್ದೆ. ಟೇಬಲ್ಲು ಹಿಡಿದುಕೊಂಡು ನಕ್ಕೆ, ಕೂತು ನಕ್ಕೆ, ಕಣ್ಣೊರೆಸಿಕೊಂಡು ನಕ್ಕೆ.

ಅವತ್ತು ಹಿಟ್ಟು ತೀರುವವರೆಗೂ ಅವರು ಬಡಿದರು. ಲಾಟಿನ ಅರ್ಧ ಒಲೆಗಳು ಹೋದವು. ಮಾಲಕರು ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡೇ, "ಸರ್, ರವಿವಾರಕ್ಕೊಮ್ಮೆ ಬರ್ತೀರೇನು?" ಎಂದು ಕೇಳಿದರು. ನಾನು ಅವರ ಕೈಯಿಂದ ಹೆಲ್ಮೆಟ್ಟು ಕಸಿದುಕೊಂಡೆ.

ಸೋಮವಾರ ಮುಂಜಾನೆ ಅವರು ರೂಢಿಯಂತೆ ಕಿಟಕಿ ಮುಚ್ಚಿ ರೊಟ್ಟಿ ಮಾಡಿ ಶಾಲೆಗೆ ಹೋದರು. ನನಗೆ ದಿನವಿಡೀ ಅಂಗಡಿಯಲ್ಲಿ ಮನಸ್ಸಿಲ್ಲ. ಸಂಜೆ ಬಂದವರಿಗೆ ಚಹಾ ಕೊಟ್ಟೆ.

"ಹುಡುಗರು ಹೆಸರಿಟ್ಟು ಕರೆದ್ರೇನು?" ಎಂದು ಕೇಳಿದೆ.

"ಕರೆದ್ರು. ಲೈನಿನ ಹಿಂದಿಂದ ಒಬ್ಬಾಂವ 'ರೊಟ್ಟಿ ಮಾಸ್ತರ' ಅಂದ."

"ಮತ್ತ?"

"ಮುಂದಕ್ಕ ಕರೆದು ನಿನಗ ಬರ್ತದೇನು ಅಂದ್ನಿ. ಇಲ್ರಿ ಸರ್ ಅಂದ. ಮತ್ತ ನನಗ ಬರ್ತದಲ್ಲ ಅಂದ್ನಿ." ಲೋಟ ಕೆಳಗಿಟ್ಟರು. "ಅವ್ವ ಅನ್ನಲಿಲ್ಲ, ಮಾಸ್ತರ ಅಂದ. ನಡೀತದ."

ಈಗ ಗಿರಾಕಿ ಬಂದರೆ ನಾನು ಮೊದಲು ಕೇಳುವ ಮಾತು ಬೇರೆ. ಉಣ್ಣುವವರು ಎಷ್ಟು ಮಂದಿ ಎಂದಲ್ಲ, ಮಾಡುವವರು ಯಾರು ಎಂದು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ತಡವರಿಸುವ ಗಂಡ ಹೆಂಡಿರು ನಮ್ಮ ಸುತ್ತಿನ ಊರುಗಳಲ್ಲಿ ಎಷ್ಟಿದ್ದಾರೆ ಎಂದು ಹೇಳಿದರೆ ನೀವು ನಂಬುವುದಿಲ್ಲ. ನನಗೆ ಸ್ಕ್ರೂ ಹುಡುಕಲು ಕೌಂಟರಿನ ಕೆಳಗೆ ಹೋಗುವ ಕೆಲಸ ಇನ್ನೂ ಹೆಚ್ಚಾಗಿದೆ.

ಆದರೆ ಆ ಸೋಮವಾರದ ಮರುದಿನ, ಮಂಗಳವಾರದ ಮಾತು ಹೇಳಬೇಕು. ಅವತ್ತು ಮುಂಜಾನೆ ಅವರು ಕಿಟಕಿ ಮುಚ್ಚಲು ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು. ನಾನು ಕೊತ್ತಂಬರಿ ಸೋಸುತ್ತ ನೋಡಿದೆ. ಅವರು ಕಿಟಕಿಯ ಬಾಗಿಲನ್ನು ಪೂರ್ತಿ ಹೊರಗೆ ತಳ್ಳಿ, ಕೊಂಡಿ ಹಾಕಿ, ಬಂದು ಉಂಡೆ ಹಿಡಿದರು. ನಾಲ್ಕು ರೊಟ್ಟಿ ಆಗುವವರೆಗೆ ಓಣಿಯಲ್ಲಿ ಬೇರೆ ಸಪ್ಪಳವಿರಲಿಲ್ಲ. ಆಮೇಲೆ ಗೋಡೆಯ ಆಚೆಯಿಂದ ಆಯಿ ಕೆಮ್ಮಿದಳು.

"ಮಾಸ್ತರ, ಬಂಗಾರದಂಥಾ ಕೈ ನಿಮ್ದು. ನಮ್ಮವ್ವ ಹಿಂಗೇ ಬಡೀತಿದ್ಲು."

ಅವರ ಕೈ ನಿಂತಿತು. ಎಂಟು ವರ್ಷ ನನ್ನ ಬಾಯಿಂದ ಕೇಳಿದ್ದ ಮಾತು ಅದು. ಕಿವಿ ಕೆಂಪಾಗಿದ್ದವು, ಮೀಸೆಯಲ್ಲಿ ಹಿಟ್ಟಿತ್ತು.

"ಹೌದ್ರಿ ಆಯಿ" ಎಂದರು ಕಿಟಕಿಯ ಕಡೆ ತಿರುಗಿ, "ನಾನೇ ರಿ."